ಸಿಕ್ಕು ಬಿಡಿಸಿದವನು, ಕಡಿದವನು

ನೀವು ಯಾವತ್ತಾದರೂ ಹಸನಾದ ನೂಲನ್ನು ಬೇಕೆಂದೇ ಸಿಕ್ಕು ಮಾಡಿದ್ದೀರಾ? ನಾನು ಮಾಡಿದ್ದೇನೆ. ಅದೂ ಯುದ್ಧ ಶುರುವಾಗಿ ನೂಲು ಕಣ್ಣಿಗೇ ಬೀಳದ ಈ ದಿನಗಳಲ್ಲಿ. ಅದೂ ಅಕ್ಕನ ಮನೆಯಲ್ಲಿ.

ಭಾಗ್ಯನಗರದಲ್ಲಿ ಅಕ್ಕನ ಮಗ್ಗ. ಭಾವ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದರು. ಇರಕಲ್ಲಗಡದ ಮದುಮಗಳ ಸೀರೆ ಹದಿನೈದು ದಿನದಲ್ಲಿ ಮುಟ್ಟಬೇಕು. ತಪ್ಪಿದರೆ ವರ್ಷವಿಡೀ ಕೆಲಸ ಕೊಡುವ ಆ ಮನೆ ಕೈಬಿಟ್ಟಂತೆಯೇ. ತುರ್ತಾಗಿ ಒಬ್ಬ ನೇಕಾರ ಬೇಕು. ಬಂದವರು ಇಬ್ಬರು: ಬಸಪ್ಪ, ಇಮಾಮಸಾಬ.

"ಕೈಯಾಗ ಲಾಳಿ ಕೊಟ್ಟು ನೋಡಿದ್ರ ಆತಪಾ," ಅಂದಳು ಅಕ್ಕ.

ಅಷ್ಟು ಸರಳವೇ? ನಾನು ಕೊಪ್ಪಳದಲ್ಲಿ ಶಾಲೆ ಮಾಸ್ತರ. (ಪರೀಕ್ಷೆ ಮಾಡದೆ ನನಗೆ ತುತ್ತು ಇಳಿಯುವುದಿಲ್ಲ.) "ಕೈ ಅಲ್ಲಕ್ಕಾ, ಕ್ಯಾರೆಕ್ಟರ್ ನೋಡಬೇಕು," ಎಂದು ಎರಡು ಲಡಿ ನೂಲನ್ನು ಹಿತ್ತಲಿಗೆ ಒಯ್ದು ಗುಬ್ಬಿಗೂಡು ಮಾಡಿ ತಂದೆ.

ಬಸಪ್ಪ ಒಂದು ಎಳೆಯೂ ಹರಿಯದಂತೆ ಬಿಡಿಸಿದ. ಪೂರ್ತಿ ಒಂದು ತಾಸು. (ಅರ್ಧ ತಾಸೂ ಇರಬಹುದು. ನಾನು ಈ ಕತೆ ಹೇಳಿದಷ್ಟು ಸಲವೂ ಅವನ ತಾಳ್ಮೆ ಬೆಳೆಯುತ್ತಿದೆ. ನನ್ನ ನೆನಪನ್ನು ನಂಬಬೇಡಿ.)

ಇಮಾಮಸಾಬ ಲಡಿ ನೋಡಿದ. ನನ್ನನ್ನು ನೋಡಿದ. ನಕ್ಕ. ಹಲ್ಲಿನಿಂದ ಎರಡು ಕಡೆ ಕಡಿದು, ಗಂಟು ಹಾಕಿ, "ಆತು ನೋಡ್ರಿ," ಎಂದ.

ಈ ಕಾಲದಲ್ಲಿ ನೂಲು ಕಡಿಯುವುದೆ! ಅವನನ್ನು ಕಳಿಸಿಬಿಟ್ಟೆ.

"ಯಾಕ ಕಡದಿ ಅಂತ ಒಂದ ಮಾತು ಕೇಳಬಾರದೇನೋ?" ಅಂದಳು ಅಕ್ಕ. ಕೇಳಲಿಲ್ಲ. ಉತ್ತರ ಗೊತ್ತಿದ್ದವರು ಕೇಳುತ್ತಾರೆಯೇ?

ಬಸಪ್ಪ ಮಗ್ಗಕ್ಕೆ ಕೂತ. ಎಳೆ ಹರಿದರೆ ಗಂಟು ಹಾಕಿ ಮುಂದೆ ಹೋಗಬೇಕಲ್ಲ? ಈತ ಲಾಳಿ ಕೆಳಗಿಟ್ಟು, ಅಕ್ಕಪಕ್ಕದ ಎಳೆಗಳನ್ನೆಲ್ಲ ಸವರುತ್ತ, ಅವಕ್ಕೆ ಸಮಾಧಾನ ಹೇಳುವವನಂತೆ ಕೂತುಬಿಡುವ. ಹತ್ತು ದಿನಕ್ಕೆ ಸೀರೆ ಟವೆಲ್ಲಿನಷ್ಟಾಯಿತು.

"ಏ ತಮ್ಮಾ, ಇದನ್ನ ಮದುಮಗಳಿಗೆ ಉಡಸ್ತೀಯೋ, ಮಾರಿ ಒರಸ್ತೀಯೋ?" ಅಂದಳು ಅಕ್ಕ ನನಗೆ.

ಅಕ್ಕ ತಾನೇ ಇಮಾಮಸಾಬನ ಮನೆಗೆ ಹೋಗಿ ಕರೆತಂದಳು. ಮಗ್ಗ, ಬಾಯಿ ಎರಡೂ ಒಟ್ಟಿಗೇ ಓಡಿದವು. ಹೇಳಿದ ದಿನಕ್ಕೆ ಸರಿಯಾಗಿ ಸೀರೆ ಮುಗಿಯಿತು. ಅವತ್ತು ಅವಳು, ಯಾಕೆ ಕಡಿದೆ ಎಂಬ ಆ ಪ್ರಶ್ನೆ ಕೇಳಿಯೇಬಿಟ್ಟಳು.

"ನೂಲು ತಾನಾಗೇ ಇಷ್ಟು ಚಂದ ಸಿಕ್ಕಾಗಂಗಿಲ್ರಿ ಅಕ್ಕಾರ. ಮಾಸ್ತರು ಬೇಕಂತ ಮಾಡ್ಯಾರಂತ ನೋಡಿದ ಕೂಡ್ಲೇ ತಿಳೀತು. ಹಸನ ನೂಲು ಕೆಡಿಸಿ ಆಳು ಹುಡುಕೋ ಮನ್ಯಾಗ ಹೆಂಗ ದುಡೀಬೇಕ್ರಿ? ಅದಕ್ಕs ಕಡದೆ. ಬ್ಯಾಡ ಅಂದದ್ದs ಛಲೋ ಆತು ಅಂತ ಹೋದೆ!"

ಅಂದರೆ ಅವತ್ತು ಫೇಲಾದವನು ಯಾರು?

ಬಸಪ್ಪನನ್ನು ಅಕ್ಕ ಕಳಿಸಲಿಲ್ಲ. ಓಣಿಯ ಮಗ್ಗಗಳ ಸಿಕ್ಕು ನೂಲೆಲ್ಲ ಈಗ ಅವನ ಬುಟ್ಟಿಗೇ ಬರುತ್ತದೆ. ಅವನು ಸುಖವಾಗಿದ್ದಾನೆ.

ಮೊನ್ನೆ ಇನ್ನೊಬ್ಬ ಆಳು ಬೇಕಾದಾಗ ಅಕ್ಕ ಮತ್ತೆ ನನಗೇ ಹೇಳಿಕಳಿಸಿದಳು. (ಹೆಮ್ಮೆಯಾಯಿತು. ಮುಚ್ಚಿಡುವುದೇಕೆ?) ಕಟ್ಟೆಯ ಮೇಲೆ ಇಬ್ಬರು ಕೂತಿದ್ದರು. "ಯಾಂವ ಛಲೋ ಅದಾನ, ನೀನs ಹೇಳು," ಅಂದಳು. ಬಹಳ ಹೊತ್ತು ನೋಡಿ, ಎಡಗಡೆಯವನನ್ನು ತೋರಿಸಿದೆ.

ಅಕ್ಕ ಬಲಗಡೆಯವನನ್ನು ಒಳಗೆ ಕರೆದಳು.