ಸಡಿಲ ಬಿಟ್ಟ ತಂತಿ

ಸಿದ್ಧಕಟ್ಟೆಯ ಶಶಿಪ್ರಭಾಳದು ಹದಿನೆಂಟು ವರ್ಷ ಬೀಡಿ ಕಟ್ಟಿದ ಬೆರಳು. ಬೀಡಿಗೆ ನೂಲನ್ನು ಬಿಗಿಯಾಗಿ ಸುತ್ತಬೇಕು. ಸಡಿಲವಾದದ್ದನ್ನು ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು ಮುರಿದು ಬಿಸಾಡುತ್ತಾರೆ. ಆ ಬೆರಳುಗಳನ್ನು ಕಂಡೇ ಮೂಡಬಿದ್ರೆ ಹತ್ತಿರದ ಪ್ರಯೋಗಾಲಯದವರು ಅವಳನ್ನು ಕೆಲಸಕ್ಕೆ ಕರೆದದ್ದು. ಅಲ್ಲಿ ದೂರದರ್ಶಕಕ್ಕೆ ಕಣ್ಣು ಮಾಡುತ್ತಾರೆ. ಉಗುರಿನಷ್ಟಗಲದ ಚಿಪ್, ಹೇಳಲಾಗದಷ್ಟು ತಣ್ಣಗೆ ಮಾಡಿದರೆ ಅದರಲ್ಲಿ ಕರೆಂಟು ತಡೆಯೇ ಇಲ್ಲದೆ ಓಡುತ್ತದೆ. ಆಗ ಯಾವುದೋ ಕಾಲದಲ್ಲಿ ನಕ್ಷತ್ರದಿಂದ ಹೊರಟ ಚೂರು ಬೆಳಕು ಬಂದು ಮುಟ್ಟಿದರೂ ಅದಕ್ಕೆ ತಿಳಿಯುತ್ತದಂತೆ. ಕೂದಲಿಗಿಂತ ಸಪೂರದ ತಂತಿಗಳನ್ನು ಆ ಚಿಪ್ಪಿಗೆ ಬೆಸೆಯುವುದು ಶಶಿಪ್ರಭಾಳ ಕೆಲಸ.

ಮೊದಲ ವಾರ ಬೀಡಿಯ ಅಭ್ಯಾಸದಲ್ಲಿ ತಂತಿಯನ್ನು ಬಿಗಿಯಾಗಿ ಎಳೆದಳು. ಚಿಪ್ ತಣ್ಣಗೆ ಮಾಡಿದಾಗ ಚಳಿಗೆ ಕುಗ್ಗಿ ಎಲ್ಲವೂ ಕಡಿದುಹೋದವು. ಅಂದಿನಿಂದ ಪ್ರತಿ ತಂತಿಗೂ ಪುಟ್ಟ ಬಿಲ್ಲಿನ ಹಾಗೆ ಬಾಗು ಬಿಟ್ಟಳು. ಮೂರು ವರ್ಷ ಒಂದೂ ಕಡಿಯಲಿಲ್ಲ. ಈ ಮಾರ್ಚಿಗೆ ಅವಳ ಕೆಲಸ ಖಾಯಂ ಆಗುವ ಮಾತಿತ್ತು.

ದೂರದರ್ಶಕಕ್ಕೆ ಹೋಗುವ ಚಿಪ್ಪಿನ ಫೋಟೋ ತೆಗೆಯುವ ದಿನ ರಂಜಿತ್ ಸರ್ ಬಗ್ಗಿ ನೋಡಿದರು. ಹೊಸ ಮುಖ್ಯಸ್ಥರು, ಬೆಸುಗೆಯ ಮೇಜಿನೆದುರು ಒಂದು ದಿನವೂ ಕೂತವರಲ್ಲ.

"ಎಂತದಿದು ಶಶಿಪ್ರಭಾ, ಸೇಮಿಗೆ ಒತ್ತಿದ ಹಾಗೆ ಡೊಂಕು ಡೊಂಕು? ದೆಹಲಿಯವರು ನೋಡುವ ಫೋಟೋ. ನೇರ ಮಾಡು."

"ಬೇಡ ಸರ್, ಚಳಿಗೆ ತುಂಡಾಗ್ತದೆ."

"ಬೀಡಿ ಬ್ರಾಂಚಿನಲ್ಲಿ ಫಿಸಿಕ್ಸೂ ಕಲಿಸ್ತಾರಾ?"

ಪಕ್ಕದ ಮೇಜಿನಲ್ಲಿ ಚಿಪ್ ಒರೆಸುತ್ತಿದ್ದ ಖದೀಜ ತಲೆ ತಗ್ಗಿಸಿ ನಕ್ಕಳು. ಶಶಿಪ್ರಭಾ ನಲವತ್ತೆಂಟು ತಂತಿಗಳನ್ನು ಕಿತ್ತು ನೇರವಾಗಿ ಬೆಸೆದಳು.

ತಣ್ಣಗೆ ಮಾಡಿದಾಗ ಇಪ್ಪತ್ತಮೂರು ಕಡಿದವು. ವಿಚಾರಣೆಯಲ್ಲಿ ರಂಜಿತ್ ಸರ್ ಹೇಳಿದ್ದು ಇಷ್ಟೇ: "ಬೀಡಿ ಕಟ್ಟಿದ ಕೈ. ಬಿಗಿಯುವ ಅಭ್ಯಾಸ ಹೋಗುವುದಿಲ್ಲ."

ಸರ್ ಹೇಳಿಯೇ ನೇರ ಮಾಡಿದ್ದು ಎಂದಳು ಶಶಿಪ್ರಭಾ. ಅದು ನಿಜವೇ ಎಂದು ವಿಚಾರಣೆಯವರು ಖದೀಜಳನ್ನು ಕರೆದು ಕೇಳಿದರು. ಖಾಯಂ ಆಗುವವರ ಪಟ್ಟಿಯಲ್ಲಿ ಅವಳ ಹೆಸರೂ ಇತ್ತು.

"ನಾನು ಕೇಳಲಿಲ್ಲ ಸರ್. ನನ್ನ ಕೆಲಸದಲ್ಲಿದ್ದೆ."

ಶಶಿಪ್ರಭಾಳಿಗೆ ತಿಂಗಳ ಕೊನೆಗೆ ಕೆಲಸ ಬಿಡಲು ಹೇಳಿದರು. ಅವಳ ಮೇಜು ಖದೀಜಳಿಗೆ ಸಿಕ್ಕಿತು. ಕೊನೆಯ ದಿನ ರಂಜಿತ್ ಸರ್ ಬಾಗಿಲಲ್ಲಿ ನಿಂತು, "ಹೋಗುವ ಮೊದಲು ಇವಳಿಗೆ ಬೆಸೆಯುವುದನ್ನು ಸರಿಯಾಗಿ ತೋರಿಸು" ಎಂದರು.

"ಯಾವುದನ್ನು ಸರ್? ನನ್ನದನ್ನಾ, ನಿಮ್ಮದನ್ನಾ?"

ಅವರು ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದರು.

"ಶಶಿಯಕ್ಕ, ನನ್ನ ಮೇಲೆ ಕೋಪ ಉಂಟಾ?" ಖದೀಜಳ ದನಿ ಸಣ್ಣದಾಗಿತ್ತು.

ಶಶಿಪ್ರಭಾ ಒಂದು ತಂತಿ ಬೆಸೆದು, ಬಾಗು ಬಿಟ್ಟು, ಎದ್ದು ಜಾಗ ಕೊಟ್ಟಳು.

"ಇಷ್ಟು ಸಡಿಲ ಇರಬೇಕು. ನಾಳೆ ಫೋಟೋ ತೆಗೆಯುವಾಗ ನಿನಗೂ ನೇರ ಎಳೆಯಲು ಹೇಳ್ತಾರೆ. ಆಗ ಪಕ್ಕದ ಮೇಜಿನಲ್ಲಿ ಯಾರಿದ್ದಾರೆ ಅಂತ ನೋಡಿಕೋ."