ಫೋನ್ ಮಾಡಿ ಹೋದ ಊಟ

ಒಬ್ಬ ಸಬ್‌ಕಾಂಟ್ರಾಕ್ಟರ್ ಮುಳುಗುವಾಗ ಅವನ ಕಾಗದಗಳು ಎಲ್ಲಕ್ಕಿಂತ ಕೊನೆಗೆ ಮುಳುಗುತ್ತವೆ. ಬ್ಯಾಂಕಿನ ಪತ್ರ ಚೆನ್ನಾಗಿಯೇ ಇರುತ್ತದೆ, ಆಡಿಟರ್ ಸಹಿಯೂ ಇರುತ್ತದೆ. ಕುವೈತಿನ ಒಂದು ಕಟ್ಟಡ ಕಂಪನಿಯಲ್ಲಿ ನನ್ನ ಕೆಲಸ, ಆ ಮುಳುಗುವಿಕೆಯನ್ನು ಕಾಗದಕ್ಕಿಂತ ಮೊದಲು ಕಂಡುಹಿಡಿಯುವುದು. ಕಟ್ಟಡದ ಗುತ್ತಿಗೆ ನಮ್ಮದು. ಪ್ಲಾಸ್ಟರ್, ಟೈಲ್ಸ್, ಪೇಂಟು ಎಲ್ಲ ಸಣ್ಣ ಕಂಪನಿಗಳಿಗೆ ವಹಿಸುತ್ತೇವೆ. ಅವುಗಳಲ್ಲಿ ಒಂದು ದಿವಾಳಿಯಾದರೆ ನಮ್ಮ ಕೆಲಸ ಸ್ವಲ್ಪ ಕಾಲ ನಿಲ್ಲುತ್ತದೆ, ಮತ್ತೆ ಯಾರೋ ಬರುತ್ತಾರೆ. ನಡುವೆ ಸಿಕ್ಕಿಬೀಳುವವರು ಆ ಕಂಪನಿಯ ಕೆಲಸಗಾರರು.

ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವರು ಮಂಗಳೂರಿನ ಹಿರಿಯರೊಬ್ಬರು. ನಿವೃತ್ತರಾಗಿ ಹೋಗುವ ವಾರ ನನಗೊಂದು ಮಾತು ಹೇಳಿದ್ದರು. "ಶುಕ್ರವಾರ ಮಧ್ಯಾಹ್ನ ಕೆಲಸಗಾರರು ಉಳಿಯುವ ಕ್ಯಾಂಪಿನ ಅಡುಗೆಮನೆಗೆ ಹೋಗು. ವಾರವಿಡೀ ಬೇಳೆ ತಿಂದವರೂ ಶುಕ್ರವಾರ, ರಜೆಯ ದಿನ, ಕೋಳಿ ಬೇಯಿಸ್ತಾರೆ. ಆವತ್ತೂ ಬೇಳೆಯೇ ಇದ್ದರೆ ಸಂಬಳ ನಿಂತಿದೆ ಅಂತ ತಿಳ್ಕೋ. ಹೇಳದೆ ಹೋಗಬೇಕು ಮತ್ತೆ." ಹೇಳದೆ ಹೋಗಬೇಕು ಎಂಬುದನ್ನು ಅವರು ಬಾಗಿಲ ಹತ್ತಿರ ನಿಂತು ಇನ್ನೊಮ್ಮೆ ಹೇಳಿದರು.

ನಾವು ಒಂದು ಶಾಲೆ ಕಟ್ಟುತ್ತಿದ್ದಾಗ ಪ್ಲಾಸ್ಟರ್ ಕೆಲಸದ ಕಂಪನಿಯ ಮೇಲೆ ಅನುಮಾನ ಬಂತು. ಸಿಮೆಂಟು ಬರುವುದು ತಡವಾಗುತ್ತಿತ್ತು. ಮಾಲೀಕ ಮೀಟಿಂಗಿಗೆ ತಾನು ಬರುವ ಬದಲು ಡ್ರೈವರನ್ನು ಕಳಿಸತೊಡಗಿದ್ದ. ನನ್ನ ಮ್ಯಾನೇಜರ್ ಈಜಿಪ್ಟಿನವರು, ವಿಷಯವನ್ನು ನೇರವಾಗಿ ಇಟ್ಟರು. ಆ ಕಂಪನಿ ಅಲುಗಾಡುತ್ತಿದ್ದರೆ ಅದರ ಜನರ ಇಕಾಮಾವನ್ನು, ಅಂದರೆ ಇಲ್ಲಿ ವಾಸಿಸುವ ಪರವಾನಗಿಯನ್ನು, ಈಗಲೇ ನಮ್ಮ ಕಂಪನಿಗೆ ಬದಲಾಯಿಸಿಕೊಳ್ಳಬಹುದು. ಪ್ಲಾಸ್ಟರೂ ನಿಲ್ಲುವುದಿಲ್ಲ, ಜನರೂ ಉಳಿಯುತ್ತಾರೆ. ಸರ್ಕಾರ ಆ ಕಂಪನಿಯ ನೋಂದಣಿ ಫೈಲನ್ನು ತಡೆಹಿಡಿದ ಮೇಲಾದರೆ ಒಬ್ಬೊಬ್ಬರೂ ದೂರು ಕೊಟ್ಟು ವಿಚಾರಣೆಗೆ ಕಾಯಬೇಕು. "ಆದರೆ ಸುಮ್ಮನೆ ಅನುಮಾನದ ಮೇಲೆ ಇನ್ನೊಬ್ಬನ ಜನರನ್ನು ಎಳೆದುಕೊಂಡರೆ ನಾವೇ ಅವನನ್ನು ಮುಳುಗಿಸಿದ ಹಾಗೆ," ಎಂದರು. "ನೀನು ನೋಡಿ ಬಾ. ನೀನು ಹೇಳಿದ ಹಾಗೆ ಮಾಡುವ."

ಆ ಕಂಪನಿಯ ಕ್ಯಾಂಪು ಅರ್ದಿಯಾದಲ್ಲಿ, ಗೋದಾಮುಗಳ ಹಿಂದೆ. ಅಲ್ಲಿನ ಮೇಸ್ತ್ರಿ ಕುಂದಾಪುರದ ಕಡೆಯವರು, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವರು, ಸೈಟಿನಲ್ಲಿ ಪರಿಚಯ. ಗುರುವಾರ ನಾನು ಅವರಿಗೆ ಫೋನ್ ಮಾಡಿದೆ.

ಏಕೆ ಮಾಡಿದೆ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಉತ್ತರ ದೊಡ್ಡದೇನಲ್ಲ. ಉಣ್ಣುವ ಹೊತ್ತಿಗೆ ಹೇಳದೆ ಕೇಳದೆ ಒಬ್ಬರ ಬಾಗಿಲಿಗೆ ಹೋಗಿ ನಿಲ್ಲುವುದು ನನಗೆ ಆಗಲಿಲ್ಲ. ನಮ್ಮ ಮನೆಯಲ್ಲಿ ಹಾಗೆ ಬೆಳೆಸಿರಲಿಲ್ಲ.

"ನಾಳೆ ನಿಮ್ಮಲ್ಲಿ ಊಟಕ್ಕೆ ಬರ್ತೇನೆ ಮೇಸ್ತ್ರಿಗಳೇ," ಎಂದೆ.

ಆ ಕಡೆ ಅವರು ಪಕ್ಕದವರ ಹತ್ತಿರ ಏನೋ ಪಿಸುಗುಟ್ಟಿದ್ದು ಕೇಳಿಸಿತು. ಆಮೇಲೆ ಅವರು, "ಬನ್ನಿ ಸಾರ್, ಅದಕ್ಕೆಂತ. ಬನ್ನಿ," ಎಂದರು.

ಮರುದಿನ ಹೋದಾಗ ಕೋಣೆ ಗುಡಿಸಿದ್ದರು. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಕುಚಲಕ್ಕಿ ಅನ್ನ, ಕೋಳಿ ಸಾರು, ಈರುಳ್ಳಿ, ನಿಂಬೆಹಣ್ಣು. ನಾನು ಆ ದೊಡ್ಡ ಪಾತ್ರೆಯೊಳಗೆ ನೋಡಿದೆ. ನೋಡಲಿಕ್ಕೇ ಬಂದವನಲ್ಲವೇ. ಅರ್ಧಕ್ಕಿಂತ ಹೆಚ್ಚಿತ್ತು.

"ನೀವೂ ಕೂತ್ಕೊಳ್ಳಿ," ಎಂದೆ.

"ನೀವು ಮೊದಲು ಮಾಡಿ ಸಾರ್. ನಮ್ಮದು ಇದ್ದದ್ದೇ," ಎಂದು ಮೇಸ್ತ್ರಿ ಇನ್ನೊಂದು ತುಂಡು ಬಡಿಸಿದರು.

ಮಂಚದ ಮೇಲೆ ಕುಳಿತಿದ್ದ ಒಬ್ಬ ತೆಲುಗಿನವನು ಹಿಂದಿಯಲ್ಲಿ ಹೇಳಿದ, "ಸಾರ್, ವಾರ ವಾರ ಬರ್ತಾ ಇರಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೇಸ್ತ್ರಿ ಅವನ ಕಡೆ ತಿರುಗಿ, "ನಿನ್ನ ಬಾಯಿಗೆ ಪ್ಲಾಸ್ಟರ್ ಹಾಕ್ತೇನೆ ನೋಡು," ಎಂದರು. ಮತ್ತೂ ನಕ್ಕರು. ಆ ನಗು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಇತ್ತು. ನನಗೆ ಅದು ಖುಷಿಯ ಗುರುತಾಗಿ ಕಂಡಿತು.

ಊಟ ಮುಗಿಸಿ ಕಾರಿನಲ್ಲಿ ಕುಳಿತು ಮ್ಯಾನೇಜರಿಗೆ ಫೋನ್ ಮಾಡಿದೆ. ಎಲ್ಲ ಸರಿ ಇದೆ, ಜನ ಚೆನ್ನಾಗಿ ಉಣ್ಣುತ್ತಿದ್ದಾರೆ ಎಂದೆ.

"ಅಡುಗೆಮನೆ ನೋಡಿದೆಯಾ?"

"ಪಾತ್ರೆಯನ್ನೇ ನೋಡಿದೆ, ಊಟವನ್ನೂ ಮಾಡಿದೆ."

"ಖಲಾಸ್. ಹಾಗಾದರೆ ಇಕಾಮಾ ವಿಷಯ ಈಗ ಬೇಡ."

ಆ ತಿಂಗಳು ಮುಗಿಯುವುದರೊಳಗೆ ಮಾಲೀಕನ ಫೋನ್ ಸ್ವಿಚ್ ಆಫ್ ಆಯಿತು. ಅವನು ಕುವೈತ್ ಬಿಟ್ಟಿದ್ದ. ಕಂಪನಿಯ ಫೈಲ್ ತಡೆಹಿಡಿಯಲಾಯಿತು. ಶಾಲೆಗೆ ಬೇರೆ ಪ್ಲಾಸ್ಟರ್ ಕಂಪನಿ ಬಂತು, ಕೆಲಸ ಹೆಚ್ಚೇನೂ ನಿಲ್ಲಲಿಲ್ಲ. ನಾನು ಮತ್ತೆ ಅರ್ದಿಯಾಕ್ಕೆ ಹೋದೆ. ಈ ಸಲ ಫೋನ್ ಮಾಡಿರಲಿಲ್ಲ.

ಜನ ಮಂಚಗಳ ಮೇಲೆ ಸುಮ್ಮನೆ ಮಲಗಿದ್ದರು. ನವೀಕರಿಸುವ ಮಾಲೀಕನಿಲ್ಲದೆ ಮೇಸ್ತ್ರಿಯ ಇಕಾಮಾ ಮುಗಿದು ಹೋಗಿತ್ತು. ಪೊಲೀಸರಿಗೆ ಹೆದರಿ ಅವರು ರಸ್ತೆಗೂ ಇಳಿಯುತ್ತಿರಲಿಲ್ಲ. ಪಕ್ಕದ ಕ್ಯಾಂಪಿನವರು ಒಂದು ಬಕೆಟ್ ಬೇಳೆ ಸಾರು ತಂದಿಟ್ಟು ಹೋದರು. ಹೋಗುವಾಗ ಅವರಲ್ಲೊಬ್ಬ ನನ್ನನ್ನು ನೋಡಿ ಮೇಸ್ತ್ರಿಯನ್ನು ಕೇಳಿದ, "ಭಾಯಿ, ಆವತ್ತು ಕೋಳಿ ಒಯ್ದದ್ದು ಇವರಿಗೇನಾ?"

ಮೇಸ್ತ್ರಿ ಬಕೆಟನ್ನು ಒಳಗೆ ಎಳೆದಿಟ್ಟರು.

ಆಗ ವಿಷಯ ತಿಳಿಯಿತು. ಆವತ್ತಿನ ಕೋಳಿ, ಗ್ಯಾಸ್ ಸಿಲಿಂಡರ್, ನಿಂಬೆಹಣ್ಣು ಎಲ್ಲವೂ ಪಕ್ಕದ ಕ್ಯಾಂಪಿನಿಂದ ಬಂದಿದ್ದವು. ಕುಚಲಕ್ಕಿ ಮಾತ್ರ ಮೇಸ್ತ್ರಿಯದು, ಊರಿನಿಂದ ತಂದು ಪೆಟ್ಟಿಗೆಯಲ್ಲಿ ಉಳಿಸಿಕೊಂಡದ್ದು. ಆ ಊಟದ ಹೊತ್ತಿಗೇ ಅವರೆಲ್ಲರಿಗೂ ಸಂಬಳ ನಿಂತು ಬಹಳ ದಿನವಾಗಿತ್ತು.

"ಒಂದು ಮಾತು ಹೇಳಬಹುದಿತ್ತಲ್ಲ," ಎಂದೆ. ನನ್ನ ದನಿಯಲ್ಲಿ ಆಕ್ಷೇಪಣೆ ಇತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ನೀವು ಊಟಕ್ಕೆ ಬರ್ತೇನೆ ಅಂದ್ರಿ ಸಾರ್," ಎಂದರು ಮೇಸ್ತ್ರಿ. ಕೋಪ ಇರಲಿಲ್ಲ. "ನೋಡ್ಲಿಕ್ಕೆ ಬರ್ತೇನೆ ಅಂದಿದ್ರೆ ನೋಡ್ಲಿಕ್ಕೆ ಇದ್ದದ್ದನ್ನೇ ಇಡ್ತಿದ್ದೆವು. ಊಟಕ್ಕೆ ಬರುವವರ ಎದುರು ಖಾಲಿ ಪಾತ್ರೆ ಇಡ್ಲಿಕ್ಕೆ ಆಗ್ತದಾ?"

ನಾನು ಅವರ ಜೊತೆ ಕಾರ್ಮಿಕ ಕಚೇರಿಗೆ ಹೋಗಿ ಕುಳಿತೆ. ಅವರ ಮಾತನ್ನು ಅರಬ್ಬಿ ಬಲ್ಲ ಸಹೋದ್ಯೋಗಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಮ್ಯಾನೇಜರ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ವಯಸ್ಸು ಕಡಿಮೆ ಇದ್ದವರಿಗೆ ನಿಧಾನವಾಗಿ ಒಂದೊಂದೇ ಕಡೆ ಕೆಲಸ ಸಿಕ್ಕಿತು. ತೆಲುಗಿನವನು ನಮ್ಮಲ್ಲಿಗೇ ಬಂದ. ಮೇಸ್ತ್ರಿಯ ವಯಸ್ಸು ನೋಡಿ ಯಾರೂ ಮುಂದೆ ಬರಲಿಲ್ಲ. ನಾನು ಸರಿಯಾಗಿ ನೋಡಿ ಹೇಳಿದ್ದರೆ ಎಲ್ಲರೊಟ್ಟಿಗೆ ಅವರ ಹೆಸರೂ ನಮ್ಮ ಕಂಪನಿಗೆ ಬರುತ್ತಿತ್ತು. ಒಂದು ಗುಂಪನ್ನು ಬದಲಾಯಿಸಿಕೊಳ್ಳುವಾಗ ಯಾರೂ ವಯಸ್ಸು ಕೇಳುವುದಿಲ್ಲ. ಅವರು ಊರಿಗೆ ಹೊರಟರು.

ವಿಮಾನ ನಿಲ್ದಾಣದಲ್ಲಿ ಬ್ಯಾಗು ಎತ್ತಿಕೊಳ್ಳುತ್ತಾ ಹೇಳಿದರು, "ಊರಿಗೆ ಬಂದಾಗ ನಮ್ಮಲ್ಲಿ ಊಟಕ್ಕೆ ಬನ್ನಿ ಸಾರ್. ಫೋನ್ ಮಾಡಿಯೇ ಬನ್ನಿ."

ಚುಚ್ಚಿದರೋ ಕರೆದರೋ, ಮುಖ ನೋಡಿದರೂ ತಿಳಿಯಲಿಲ್ಲ.

ಈಗ ಶುಕ್ರವಾರಗಳಂದು ನಾನು ಬೇರೆ ಕ್ಯಾಂಪುಗಳಿಗೆ ಹೇಳದೆ ಹೋಗುತ್ತೇನೆ. ಬಾಗಿಲಲ್ಲೇ, ನಾನು ಊಟಕ್ಕೆ ಬಂದವನಲ್ಲ ಎಂದು ಹೇಳಿಬಿಡುತ್ತೇನೆ. ಜನ ಎದ್ದು ನಿಲ್ಲುತ್ತಾರೆ, ಪಾತ್ರೆಯ ಮುಚ್ಚಳ ತೆಗೆದು ತೋರಿಸುತ್ತಾರೆ, ಯಾರೂ ಕೂರಲು ಹೇಳುವುದಿಲ್ಲ.

ಹೋದ ರಜೆಯಲ್ಲಿ ಬಸ್ಸಿನಲ್ಲಿ ಕುಂದಾಪುರದ ಮೂಲಕವೇ ಹಾದು ಹೋದೆ. ಬಸ್ ಅಲ್ಲಿನ ನಿಲ್ದಾಣದಲ್ಲಿ ನಿಂತಾಗ ಸೀಟಿನಲ್ಲಿ ಕೂತೇ ಮೇಸ್ತ್ರಿಯ ನಂಬರ್ ತೆಗೆದು ನೋಡಿದೆ. ಫೋನ್ ಮಾಡಿದರೆ ಅವರು ಬನ್ನಿ ಎನ್ನುತ್ತಾರೆ, ಕೋಳಿಯನ್ನೂ ಮಾಡುತ್ತಾರೆ. ಈಗ ಅದನ್ನು ಯಾರ ಮನೆಯಿಂದ ತರಬೇಕಾಗುತ್ತದೋ ನನಗೆ ಗೊತ್ತಿರಲಿಲ್ಲ. ಫೋನ್ ಮಾಡದೆ ಹೋಗಿ ನೋಡುವ ಧೈರ್ಯವೂ ಇರಲಿಲ್ಲ. ಬಸ್ ಹೊರಟಿತು, ನಾನು ಇಳಿಯಲಿಲ್ಲ.