ಕರೆದರೂ ಕೇಳುವ ಚರ್ಮ

ಡ್ರಮ್ ಬಾರಿಸುವವರಿಗೆ ಒಂದು ಪೀಡೆಯಿದೆ. ಯಾರೂ ಮುಟ್ಟದಿದ್ದರೂ ಡ್ರಮ್ ಸದ್ದು ಮಾಡುತ್ತದೆ. ಪಕ್ಕದಲ್ಲಿ ಯಾರಾದರೂ ಒಂದು ಸ್ವರ ಎಳೆದರೆ ಸಾಕು, ಸ್ನೇರ್ ಡ್ರಮ್ಮಿನ ಹೊಟ್ಟೆಯಡಿ ಬಿಗಿದ ಸಣ್ಣ ತಂತಿಗಳು ತಾವಾಗಿಯೇ ಝರ್ ಎನ್ನುತ್ತವೆ. ಅದನ್ನು ನಿಲ್ಲಿಸಿಕೊಡಿ ಎಂದು ಜನ ನನ್ನ ಹೆಂಡತಿಯ ಹತ್ತಿರ ಬರುತ್ತಾರೆ. ಅವಳು ನಿಲ್ಲಿಸಿಕೊಡುತ್ತಾಳೆ. ಊರಿನ ಡ್ರಮ್ಮುಗಳ ಬಾಯಿ ಮುಚ್ಚಿಸಿದ ಈ ಹೆಂಗಸು ಮನೆಯಲ್ಲಿ ಒಂದರ ಬಾಯಿ ಮಾತ್ರ ಮುಚ್ಚಿಸಲಿಲ್ಲ.

ನಾನು ಶಾಲೆಯಲ್ಲಿ ವಿಜ್ಞಾನದ ಮೇಷ್ಟರು, ಮನೆಯಲ್ಲಿ ಮನೆ ಅಳಿಯ. ಎರಡೂ ಕಡೆ ನನ್ನ ಮಾತು ಕೇಳುವವರು ಕಡಿಮೆ. ಮುಂದಿನ ಕೋಣೆಯೇ ಹೆಂಡತಿಯ ವರ್ಕ್‌ಶಾಪು. ಗೋಡೆಗೆ ಒರಗಿಸಿದ ಖಾಲಿ ಡ್ರಮ್ಮುಗಳು, ಡ್ರಮ್ಮಿನ ಬಾಯಿಗೆ ಬಿಗಿಯುವ, ಮೊಳೆಗೆ ನೇತುಹಾಕಿದ ಲೋಹದ ಬಳೆಗಳು, ಕಪಾಟಿನ ತುಂಬ ಹೊಸ ಹೆಡ್ಡುಗಳು. ಹೆಡ್ಡು ಎಂದರೆ ಡ್ರಮ್ಮಿನ ಬಾಯಿಗೆ ಹೊದಿಸುವ ಹಾಳೆ. ಅದು ಪ್ಲಾಸ್ಟಿಕ್ ಆಗಿ ಎಷ್ಟೋ ಕಾಲವಾಗಿದ್ದರೂ ಅವಳ ಬಾಯಲ್ಲಿ ಇನ್ನೂ ಚರ್ಮವೇ. ಒಂದೊಂದನ್ನೂ ಬೆರಳಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು, ಇದು ಜೋರು ಕೈಯವನಿಗೆ, ಇದು ಮೆಲ್ಲಗೆ ಬಾರಿಸುವವನಿಗೆ ಎಂದು ವಿಂಗಡಿಸುತ್ತಾಳೆ.

ಅವಳನ್ನು ಈ ಕೆಲಸಕ್ಕೆ ಎಳೆದವನು ಅವಳ ತಮ್ಮ. ಅವನು ಬಾರಿಸುವವನು, ಇವಳು ಶ್ರುತಿ ಮಾಡುವವಳು. "ಕಿವಿ ನಿಂದು, ಕೈ ನಂದು ಕಣೇ ಅಕ್ಕ. ಇಬ್ರೂ ಸೇರಿದ್ರೆ ಒಬ್ಬ ಮನುಷ್ಯ" ಅನ್ನುತ್ತಿದ್ದ. ಒಂದು ಕಾರ್ಯಕ್ರಮ ಮುಗಿಸಿ ಬರುವಾಗ ಅವನ ತಂಡದ ವ್ಯಾನು ಸೇತುವೆಯಿಂದ ಕೆಳಗೆ ಬಿತ್ತು. ಅವನು ಉಳಿಯಲಿಲ್ಲ. ಪೆಟ್ಟಿಗೆಯೊಳಗಿದ್ದ ಸ್ನೇರ್ ಡ್ರಮ್ ಮಾತ್ರ ಒಂದು ಗೀರೂ ಇಲ್ಲದೆ ಮನೆಗೆ ಬಂತು. ಆ ಡ್ರಮ್ಮಿನ ಮೇಲೆ ನನಗೆ ಆಗ ಬಂದ ಸಿಟ್ಟು ಈಗಲೂ ಹೋಗಿಲ್ಲ. ಅತ್ತೆ ಅದನ್ನು ನಡುಮನೆಯಲ್ಲಿ ತಮ್ಮ ಕುರ್ಚಿಯ ಪಕ್ಕ ಇಡಿಸಿಕೊಂಡರು. ಮನೆಯಲ್ಲಿ ನಾವೆಲ್ಲ ಅವನನ್ನು ಮರಿ ಎಂದು ಕರೆಯುತ್ತಿದ್ದೆವು. ಅವನು ಹೋದ ದಿನದಿಂದ ನನ್ನ ಹೆಂಡತಿ ಆ ಹೆಸರನ್ನು ಬಾಯಿಬಿಟ್ಟು ಹೇಳಲೇ ಇಲ್ಲ. ಹೇಳಲೇಬೇಕಾದಾಗ 'ಅವನು' ಎನ್ನುತ್ತಿದ್ದಳು.

ಅತ್ತೆಗೆ ಕರೆದು ಕರೆದು ನಾಲಿಗೆಗೆ ರೂಢಿ. ಒಂದು ಸಂಜೆ ಮೈಮರೆತು, "ಮರೀ... ಊಟಕ್ಕೆ ಬಾರೋ" ಎಂದುಬಿಟ್ಟರು. ಪಕ್ಕದಿಂದ ಝರ್ ಎಂದು ಉತ್ತರ ಬಂತು. ನನ್ನ ಕೈಯಲ್ಲಿದ್ದ ಲೋಟ ನೆಲಕ್ಕೆ ಬಿತ್ತು. ಸುಧಾರಿಸಿಕೊಂಡ ಮೇಲೆ ನಾನು ಪಾಠ ಶುರುಮಾಡಿದೆ.

"ಅತ್ತೆ, ಇದಕ್ಕೆ ಅನುರಣನ ಅಂತಾರೆ. ನಿಮ್ಮ ಸ್ವರಾನೂ ಆ ಚರ್ಮದ ಸ್ವರಾನೂ ಒಂದೇ ಆಗಿದೆ. ಅದಕ್ಕೇ ಅದು ನಡುಗುತ್ತೆ, ಅಷ್ಟೇ."

"ಹೌದಪ್ಪ. ತಾಯಿ ಮಗ ಅಂದ್ಮೇಲೆ ಸ್ವರ ಒಂದೇ ಇರುತ್ತಲ್ಲ" ಎಂದರು ಅತ್ತೆ.

ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ನಾನೋ ಅವರೋ ಇನ್ನೂ ಗೊತ್ತಾಗಿಲ್ಲ. ಅಂತೂ ದಿನಾ ಸಂಜೆ ಅವರು ಕರೆಯುವುದು, ಅದು ಓಗೊಡುವುದು, ಆಮೇಲೆ ಅವರು ತಟ್ಟೆಯ ಮುಂದೆ ಕೂರುವುದು ವರ್ಷಗಟ್ಟಲೆ ನಡೆಯಿತು. ಹೆಂಡತಿ ಡ್ರಮ್ಮಿನ ಧೂಳು ಒರೆಸುವಾಗ ಶ್ರುತಿ ಮಾಡುವ ಸಣ್ಣ ಕೀಯನ್ನು ಕೂದಲೆಳೆಯಷ್ಟು ಸಡಿಲಕ್ಕೆ ತಿರುಗಿಸುವುದನ್ನು ನಾನು ನೋಡಿದ್ದೆ. ಕೇಳಿದರೆ, "ಅಮ್ಮನ ದನಿ ಇಳೀತಾ ಇದೆ ರೀ" ಎಂದಳು.

ಬಿರುಬಿಸಿಲಿನ ಒಂದು ಮಧ್ಯಾಹ್ನ ಹಳೆಯ ಚರ್ಮ ಅಂಚಿನಲ್ಲಿ ಫಟ್ಟೆಂದು ಸೀಳಿತು. ಆ ಸಂಜೆ ಅತ್ತೆ ಕರೆದರು. ಸದ್ದಿಲ್ಲ. ಇನ್ನೂ ಜೋರಾಗಿ ಕರೆದರು, ಆಗಲೂ ಇಲ್ಲ. "ಹೋದ ಅನ್ಸುತ್ತೆ" ಎಂದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮಾತು ನಿಂತಿತು, ತಟ್ಟೆ ಹಾಗೇ ವಾಪಸು ಬರತೊಡಗಿತು. ಮನೆಗೆ ಬಂದ ಡಾಕ್ಟರು, ಹೇಗಾದರೂ ಮಾಡಿ ಊಟ ಮಾಡಿಸಿ, ಇಲ್ಲದಿದ್ದರೆ ಕಷ್ಟ ಎಂದು ಹೇಳಿ ಹೋದರು.

ಹೆಂಡತಿ ಡ್ರಮ್ಮನ್ನು ಮುಂದಿನ ಕೋಣೆಗೆ ತಂದು ಹಳೆಯ ಚರ್ಮ ಬಿಚ್ಚಿದಳು. ತಮ್ಮನ ಕೋಲು ಬಿದ್ದು ಬಿದ್ದು ನಡುವೆ ಬಿಳಿ ಬಣ್ಣ ಸವೆದು ಅಂಗೈಯಗಲ ಕಪ್ಪಾಗಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟಳು. ನಾನು ಎರಡು ಪದರದ ಹೆಡ್ಡೊಂದನ್ನು ಮುಂದೆ ಹಿಡಿದೆ.

"ಇದು ಗಟ್ಟಿ ಇದೆ ಕಣೇ. ಮತ್ತೆ ಹರಿಯಲ್ಲ."

"ದಪ್ಪ ಚರ್ಮಕ್ಕೆ ಹೊಡೆದ್ರೇನೇ ಕೇಳೋದು, ನಿಮ್ಮ ಹಾಗೆ. ತೆಳು ಚರ್ಮಕ್ಕೆ ಕರೆದ್ರೂ ಕೇಳುತ್ತೆ" ಎಂದು ಒಂದೇ ಪದರದ ತೀರ ತೆಳುವಾದದ್ದನ್ನು ಆರಿಸಿಕೊಂಡಳು.

ಹೊದಿಸಿ, ಬಳೆ ಕೂರಿಸಿ, ಎದುರುಬದುರಿನ ಬೋಲ್ಟುಗಳನ್ನು ಜೋಡಿ ಜೋಡಿಯಾಗಿ ಬಿಗಿದಳು. ಚರ್ಮ ಸಮನಾಗಿ ಕೂತಿತು. ಆದರೆ ಅದನ್ನು ಯಾವ ಸ್ವರಕ್ಕೆ ತರುವುದು? ಅತ್ತೆಯ ಕರೆಯನ್ನು ಯಾರೂ ರೆಕಾರ್ಡ್ ಮಾಡಿಟ್ಟಿರಲಿಲ್ಲ. ನಾನು ಒಳಗೆ ಹೋಗಿ, ಒಂದೇ ಒಂದು ಸಲ ಕರೀರಿ ಅತ್ತೆ ಎಂದು ಬೇಡಿಕೊಂಡೆ. ಅವರು ಕಣ್ಣು ಕೂಡ ತೆರೆಯಲಿಲ್ಲ. ಅಮ್ಮನ ದನಿ ಇನ್ನು ಮಗಳ ಗಂಟಲಲ್ಲೇ ಸಿಗಬೇಕಿತ್ತು.

ಅವಳು ಡ್ರಮ್ಮಿನ ಮೇಲೆ ಬಾಗಿ ಬಾಯಿ ತೆರೆದಳು, ಮುಚ್ಚಿದಳು. ಹಣೆಯಲ್ಲಿ ಬೆವರೊಡೆಯಿತು. ಮುಂಗೈಯಿಂದ ಒರೆಸಿಕೊಂಡು, "ಮರೀ..." ಎಂದಳು. ತುಟಿ ನನ್ನ ಹೆಂಡತಿಯದು, ದನಿ ಅತ್ತೆಯದು. ಡ್ರಮ್ ಸುಮ್ಮನಿತ್ತು. ಕೀ ತಿರುಗಿಸಿದಳು, ಕರೆದಳು. ಮತ್ತೆ ತಿರುಗಿಸಿದಳು, ಮತ್ತೆ ಕರೆದಳು. ಅಷ್ಟು ವರ್ಷ ಹಿಡಿದಿಟ್ಟ ಹೆಸರು ಈಗ ನಿಲ್ಲಿಸಿದರೂ ನಿಲ್ಲುವಂತಿರಲಿಲ್ಲ. ಸಾಕು ಬಿಡು ಎನ್ನಬೇಕೆಂದು ನಾನು ಎದ್ದೆ. ಅಷ್ಟರಲ್ಲಿ ತಂತಿಗಳು ಝರ್ ಎಂದವು.

ಒಳಗಿನಿಂದ ಅತ್ತೆಯ ದನಿ ಬಂತು. "ಯಾರೇ ಕರೆದದ್ದು?"

"ನಾನಮ್ಮ."

"ಬಂದ್ನಾ?"

ಹೆಂಡತಿ ನನ್ನ ಮುಖ ನೋಡಿದಳು. ಸುಳ್ಳು ಅವಳ ನಾಲಿಗೆಗೆ ಒಗ್ಗುವುದಿಲ್ಲ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

"ಬಂದ, ಅಮ್ಮ."

"ಹಾಗಾದ್ರೆ ಊಟಕ್ಕೆ ಹಾಕು" ಎಂದರು ಅತ್ತೆ.

ಅವರು ಆಮೇಲೆ ಒಂದು ವರ್ಷ ಬದುಕಿದರು. ಸಂಜೆ ಕರೆಯುವ ಕೆಲಸ ಮಗಳಿಗೇ ಬಿಟ್ಟು, ಅದು ಓಗೊಟ್ಟಿತೇ ಎಂದು ಕಿವಿಗೊಟ್ಟು ಕೂರುತ್ತಿದ್ದರು. ಒಂದು ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಹೋದರು. ಡ್ರಮ್ ಅಲ್ಲೇ ಉಳಿಯಿತು. ಯಾರೂ ಕರೆಯಲಿಲ್ಲ, ಅದೂ ಓಗೊಡಲಿಲ್ಲ.

ಹೀಗಿರುವಾಗ ಒಂದು ಸಂಜೆ ನಾನು ನಡುಮನೆಯಲ್ಲಿ ಅತ್ತೆಯ ಕುರ್ಚಿಯ ಪಕ್ಕ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಅಡುಗೆಮನೆಯಿಂದ ಹೆಂಡತಿ, "ರೀ... ಊಟಕ್ಕೆ ಬನ್ನಿ" ಎಂದು ಕರೆದಳು. ನಾನು ಬಾಯಿ ತೆರೆಯುವ ಮೊದಲೇ ಡ್ರಮ್ ಝರ್ ಎಂದಿತು. ಅಲ್ಲಿ ಪಾತ್ರೆಯ ಸದ್ದು ನಿಂತಿತು. ಅವಳೇ ತನ್ನ ಗಂಟಲಿಗೆ ಶ್ರುತಿ ಮಾಡಿದ ಚರ್ಮ ಅವಳ ದನಿಗೆ ನಡುಗುತ್ತದೆ, ಇದರಲ್ಲಿ ವಿಶೇಷವೇನೂ ಇಲ್ಲ. ಆದರೂ ನಾನು ಆ ಕುರ್ಚಿಯ ಪಕ್ಕದಿಂದ ಎದ್ದು ಬಂದೆ.

ಅಂದಿನಿಂದ ಅವಳು ನನ್ನನ್ನು ಕರೆಯುವುದನ್ನೇ ಬಿಟ್ಟಳು. ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡುತ್ತಾಳೆ. ನನಗೆ ತಡೆಯಲಾಗಲಿಲ್ಲ.

"ಊರೋರ ಡ್ರಮ್ಮೆಲ್ಲ ಸುಮ್ಮನಾಗಿಸ್ತೀಯ. ಇದನ್ನ ಒಂದು ಸುತ್ತು ಸಡಿಲ ಮಾಡಿದ್ರೆ ಮುಗೀತಲ್ಲ?"

"ಕರೆದ್ರೆ ಇಬ್ರೂ ಓಗೊಡ್ತೀರಿ" ಎಂದಳು. "ನಾನು ಊಟ ಹಾಕೋಕಾಗೋದು ಒಬ್ರಿಗೇ." ಆಮೇಲೆ ಕೀ ತಂದು ನನ್ನ ಅಂಗೈಯಲ್ಲಿಟ್ಟಳು. "ನೀವೇ ಸಡಿಲ ಮಾಡಿ. ನಿಮಗೆ ಅದು ಬರೀ ಅನುರಣನ ಅಲ್ವಾ?"

ಕೀ ಇನ್ನೂ ನನ್ನ ಜೇಬಿನಲ್ಲೇ ಇದೆ.